ಕಂಪನಿಯವರು ಬಂದ ದಿನ ನನ್ನ ಎಲೆಸಂಚಿ

ಕಾಲೇಜಿನಲ್ಲಿ ಯಾವ ಸೂಚನೆ ಹೊರಟರೂ ಅದು ನನಗೆ ಮುಟ್ಟುವುದು ಎಲ್ಲರಿಗಿಂತ ಕಡೆಗೆ. ಮೊದಲು ಹಾಗಿರಲಿಲ್ಲ. ಸೂಚನೆ ಪುಸ್ತಕ ಅಂತ ಒಂದಿತ್ತು. ಅಟೆಂಡರ್ ಸಾಹೇಬರು ಅದನ್ನು ಬಗಲಲ್ಲಿಟ್ಟುಕೊಂಡು ಕೋಣೆಯಿಂದ ಕೋಣೆಗೆ ಹೋಗಿ ಎಲ್ಲರ ಸಹಿ ತೆಗೆದುಕೊಳ್ಳುತ್ತಿದ್ದರು. ಕಡೆಗೆ ನನ್ನ ಮುಂದೂ ಹಿಡಿಯುತ್ತಿದ್ದರು. ನಾನು ಕಸಬರಿಗೆ ಗೋಡೆಗೆ ಆನಿಸಿ, ದೊಡ್ಡವಳಾದ ಮೇಲೆ ಕಲಿತ ನನ್ನ ನಾಲ್ಕಕ್ಷರದ ಸಹಿ ಹಾಕುತ್ತಿದ್ದೆ. ಈಗ ಎಲ್ಲವೂ ಮೊಬೈಲಿನ ಗುಂಪಿನಲ್ಲಿ ಬರುತ್ತದೆ. ನನ್ನದು ಬರೀ ಮಾತಾಡುವ ಫೋನು. ಹಾಗಾಗಿ ಸಾಹೇಬರು ತಮ್ಮ ಫೋನಿನಲ್ಲಿ ಓದಿಕೊಂಡು ನನಗೆ ಬಾಯಿಂದ ಹೇಳುತ್ತಾರೆ, ಅದೂ ನೆನಪಾದರೆ.

ಆ ಸಲ ಅವರು ನನ್ನನ್ನು ಹುಡುಕಿಕೊಂಡು ಬಂದು ಹೇಳಿದರು. ಶನಿವಾರ ಯಾರಿಗೂ ರಜೆ ಇಲ್ಲ, ಕೊರಳಲ್ಲಿ ಗುರುತಿನ ಚೀಟಿ ಇರಬೇಕು, ದೂರದಿಂದ ಒಂದು ಕಂಪನಿ ಬಂದು ಕಡೆ ವರ್ಷದ ಹುಡುಗಿಯರನ್ನು ನೌಕರಿಗೆ ಆರಿಸಿಕೊಳ್ಳುತ್ತದೆ. ಸಿಂಧನೂರಿನ ನಮ್ಮ ಹುಡುಗಿಯರಷ್ಟೇ ಅಲ್ಲ, ಮಸ್ಕಿ, ಲಿಂಗಸುಗೂರು ಕಡೆಯವರೂ ಬರುತ್ತಾರೆ. ನನಗೆ ಅವತ್ತು ಕಸ ಹೊಡೆಯುವುದರ ಜೊತೆಗೆ ಇನ್ನೊಂದು ಕೆಲಸ ಹಚ್ಚಿದ್ದರು. ಹುಡುಗಿಯರ ಎತ್ತರ ನೋಡುವ ಕೋಣೆಯಲ್ಲಿ ನಾನಿರಬೇಕು. ಮೈಗೆ ಕೈ ಹಚ್ಚಿ ನೆಟ್ಟಗೆ ನಿಲ್ಲಿಸುವ ಕೆಲಸ, ಗಂಡಸರನ್ನು ಇಡಲು ಬರುವುದಿಲ್ಲ, ಮೇಡಮ್ಮುಗಳಿಗೆ ಬೇರೆ ಕೋಣೆ ಕೊಟ್ಟಿದ್ದಾರೆ.

"ನೌಕರಿಗೆ ಎತ್ತರ ಯಾಕ್ರಿ? ಪೊಲೀಸ್ ಕೆಲಸೇನು?" ಎಂದು ಕೇಳಿದೆ.

ಮೊಬೈಲಿನ ಒಳಗಿನ ಸಾಮಾನು ಜೋಡಿಸುವ ಕೆಲಸವಂತೆ. ಮಷೀನು ಎತ್ತರ ಇರುತ್ತವಂತೆ, ಗಿಡ್ಡ ಇದ್ದವರಿಗೆ ಕೈ ನಿಲುಕುವುದಿಲ್ಲವಂತೆ. ಸಾಹೇಬರು ಇಷ್ಟು ಹೇಳಿ ಹೋದರು. ನಾನು ಹಿಂದೆ ಬಳಗಾನೂರಿನಲ್ಲಿದ್ದಾಗ ಭತ್ತದ ನಾಟಿಗೆ ಹೋಗುತ್ತಿದ್ದೆ. ಅಲ್ಲಿ ಯಾರೂ ನನ್ನ ಎತ್ತರ ಕೇಳಿರಲಿಲ್ಲ. ಬಗ್ಗಿದ ಮೇಲೆ ಎಲ್ಲರೂ ಒಂದೇ ಎತ್ತರ.

ಶನಿವಾರ ಬೆಳಿಗ್ಗೆ ಬಸ್ಸಿನ ಮೇಲೆ ಬಸ್ಸು ಇಳಿದು ಕಾಲೇಜಿನ ಅಂಗಳ ತುಂಬಿತು. ಹುಡುಗಿಯರನ್ನು ಮಾತ್ರ ಒಳಗೆ ಬಿಟ್ಟು ಮನೆಯವರನ್ನು ಗೇಟಿನ ಹೊರಗೆ ನಿಲ್ಲಿಸಿದರು. ಪ್ರಿನ್ಸಿಪಾಲರು ಮೈಕು ಹಿಡಿದು ನಿಯಮ ಹೇಳಿದರು. ಮೊದಲ ಕೋಣೆಯಲ್ಲಿ ಎತ್ತರ, ಎರಡನೆಯದರಲ್ಲಿ ಬರೆಯುವುದು, ಮೂರನೆಯದರಲ್ಲಿ ಪ್ರಶ್ನೆ. ಆರಿಸಿದವರು ಕಂಪನಿಯ ಹಾಸ್ಟೆಲಿನಲ್ಲೇ ಇರಬೇಕು. ಕಡೆಗೆ ಒಂದು ಮಾತು ಸೇರಿಸಿದರು: ಮದುವೆಯಾದವರನ್ನು ಕಂಪನಿ ತೆಗೆದುಕೊಳ್ಳುವುದಿಲ್ಲ, ಅಂಥವರು ದಯವಿಟ್ಟು ಸಾಲಿನಲ್ಲಿ ನಿಲ್ಲಬಾರದು.

ಸಾಲು ಅರ್ಧ ಕರಗುತ್ತದೆ ಎಂದು ನಾನು ತಿಳಿದೆ. ವರಾಂಡ ಒರೆಸುವವಳ ಕಣ್ಣು ನೆಲದ ಮೇಲೇ ಇರುತ್ತದೆ. ನಮ್ಮ ಕಾಲೇಜಿನ ಹುಡುಗಿಯರ ಮುಖಕ್ಕಿಂತ ಕಾಲು ನನಗೆ ಹೆಚ್ಚು ಗುರುತು. ಯಾವ ಕಾಲಿಗೆ ಯಾವ ವರ್ಷ ಕಾಲುಂಗುರ ಬಂತು ಎಂದು ಹೇಳಬಲ್ಲೆ. ನಮ್ಮ ಕಡೆ ಓದಿಸುವುದೂ ಮದುವೆ ಮಾಡುವುದೂ ಒಟ್ಟೊಟ್ಟಿಗೇ ನಡೆಯುತ್ತವೆ. ಆದರೆ ಸಾಲಿನಿಂದ ಒಬ್ಬಳೂ ಮನೆ ಕಡೆ ಹೋಗಲಿಲ್ಲ. ಒಬ್ಬೊಬ್ಬಳೇ ಹಿಂದಿನ ನಲ್ಲಿಯ ಕಡೆ ಹೋಗಿ, ಓಡ್ನಿ ಸರಿಮಾಡಿಕೊಳ್ಳುತ್ತಾ ಬಂದು ತನ್ನ ಜಾಗದಲ್ಲೇ ನಿಂತಳು.

ಏನು ನಡೆದಿದೆ ಎಂದು ಬಕೆಟ್ ಹಿಡಿದು ನಾನೂ ಹಿಂದಕ್ಕೆ ಹೋದೆ. ಅಲ್ಲಿ ತುರ್ವಿಹಾಳದ ನನ್ನ ಗೆಳತಿ ನಿಂತಿದ್ದಳು. ನಾಟಿಯ ದಿನಗಳಲ್ಲಿ ಅವಳೂ ನಾನೂ ಒಂದೇ ಗುಂಪಿನವರು. ನೀರು ಕುಡಿದು ಬರುತ್ತೇನೆ ಎಂದು ಕಾವಲುಗಾರನಿಗೆ ಹೇಳಿ ಒಳಗೆ ನುಗ್ಗಿದ್ದಳಂತೆ. ಅವಳ ಮುಂದೆ ಅವಳ ದೊಡ್ಡ ಸೊಸೆ ತಲೆ ಬಗ್ಗಿಸಿ ನಿಂತಿದ್ದಳು. ಆ ಹುಡುಗಿ ನಮ್ಮ ಕಾಲೇಜಿನಲ್ಲೇ ಕಡೆ ವರ್ಷ. ಅತ್ತೆ ಸೊಸೆಯ ಕೊರಳ ಹಿಂದಿನ ಕೊಂಡಿಗೆ ಪಿನ್ನು ಹಾಕಿ ಎಬ್ಬಿಸುತ್ತಿದ್ದಳು. ಬರದಿದ್ದಾಗ ಹಲ್ಲು ಹಚ್ಚಿದಳು.

ಬಕೆಟ್ ನನ್ನ ಕೈಯಿಂದ ಬಿತ್ತು. "ಏನ್ ಮಾಡಾಕತ್ತೀಬೇ?" ಎಂದೆ.

"ಕಣ್ಣು ಹೋಗ್ಯಾವೇನು? ತಾಳಿ ತೆಗಿಯಾಕತ್ತೀನಿ."

"ನಿನ್ನ ಮಗ ಗಟ್ಟಿ ಅದಾನಿಲ್ಲೋ?"

"ಗುಂಡುಕಲ್ಲಿನಂಗ ಅದಾನ. ಹೊರಗ ಆಟೋದಾಗ ಕುಂತಾನ. ಅವನೇ ಕರಕೊಂಡು ಬಂದಾನ."

ಅವರೆಕಾಯಿ ಬಿಡಿಸುವವಳ ಹಾಗೆ ಹೇಳಿದಳು. ನನ್ನ ಗಂಡ ಸತ್ತಾಗ ನನ್ನ ಕೊರಳಿನದನ್ನು ತೆಗೆಯಲು ಹೆಂಗಸರು ನನ್ನ ಎರಡೂ ರಟ್ಟೆ ಹಿಡಿದಿದ್ದರು. ಅದನ್ನು ಬಿಟ್ಟರೆ ತಾಳಿ ತೆಗೆಯುವುದನ್ನು ನಾನು ನೋಡಿರಲಿಲ್ಲ. ಮಗ ಬದುಕಿರುವಾಗ ಹೆತ್ತ ತಾಯಿಯೇ ಸೊಸೆಯ ಕೊರಳಿಗೆ ಬಾಯಿ ಹಚ್ಚಿ ಬಿಚ್ಚುತ್ತಿದ್ದಳು.

ಕೊಂಡಿ ಬಿಟ್ಟಿತು. ಕಾಲುಂಗುರಕ್ಕೆ ಸೋಪು ಹಚ್ಚಿ ಎಳೆದಳು. ಎಲ್ಲವನ್ನೂ ಒಂದು ಕರವಸ್ತ್ರದಲ್ಲಿ ಕಟ್ಟಿ ನನ್ನ ಕೈಗೆ ತುರುಕಿದಳು. ಸೊಂಟದಲ್ಲಿದ್ದ ನನ್ನ ಎಲೆಸಂಚಿಯಲ್ಲಿ ಇಟ್ಟುಕೊಳ್ಳಬೇಕಂತೆ. ಗೇಟಿನ ಹೊರಗೆ ಅವರ ಊರಿನ ಮಂದಿ ತುಂಬಿದ್ದಾರೆ, ಸೊಸೆ ಬರೀ ಕೊರಳಲ್ಲಿ ಹೊರಗೆ ಬಂದರೆ ಮರ್ಯಾದೆ ಹೋಗುತ್ತದೆ, ಒಳಗೇ ಹಾಕಿಕೊಂಡು ಬರಲಿ ಎಂದು ಅವಳ ಲೆಕ್ಕ.

"ನನ್ನಂಥಾಕಿ ಕೈಯಾಗ ಕೊಡ್ತೀಯಲ್ಲಬೇ, ನೋಡಿದವರು ಏನಂದಾರು?" ಎಂದೆ.

"ಅದಕ್ಕ ಕೊಡೋದು. ಮುಂಡಿ ಸಂಚ್ಯಾಗ ತಾಳಿ ಐತಂತ ಯಾವ ಕಂಪನ್ಯಾಂವ ಹುಡುಕ್ತಾನ?"

ಸೊಸೆ ಫಕ್ಕನೆ ನಕ್ಕಳು. ನನಗೂ ನಗು ಬಂತು, ಬರಬಾರದಿತ್ತು. ಗೆಳತಿ ಸೊಸೆಯ ಬೆನ್ನಿಗೆ ಒಂದು ಗುದ್ದಿ, ಬೆನ್ನು ನೆಟ್ಟಗಿಟ್ಟುಕೊಂಡು ನಿಲ್ಲು ಎಂದು ಹೇಳಿ ಹೊರಟಳು. ಅವಳನ್ನು ದುಷ್ಟ ಹೆಂಗಸು ಎಂದು ತಿಳಿಯಬಾರದು. ಮದುವೆಯ ನಂತರ ಓದು ಬಿಡಿಸುತ್ತೇನೆ ಎಂದ ಮಗನ ಜೊತೆ ಜಗಳಾಡಿ ಈ ಹುಡುಗಿಯನ್ನು ಕಾಲೇಜಿಗೆ ಕಳಿಸಿದವಳು ಅವಳೇ. ತನ್ನ ಹಾಗೆ ಕೆಸರಲ್ಲಿ ಬಗ್ಗಿ ಇವಳ ನಡ ಬೀಳಬಾರದು ಎನ್ನುತ್ತಿದ್ದಳು. ಈ ನೌಕರಿ ಸಿಗಲೇಬೇಕು ಎಂಬುದು ಸೊಸೆಗಿಂತ ಅತ್ತೆಗೇ ಹೆಚ್ಚಿತ್ತು.

ನಮ್ಮನ್ನು ನೋಡುತ್ತಿದ್ದ ಉಳಿದ ಹುಡುಗಿಯರು ಸುಮ್ಮನಿದ್ದಾರೆಯೇ? ಆಯಿ ನಂದೂ ಇಟ್ಕೋ, ಆಯಿ ನಂದೂ, ಎಂದು ಸುತ್ತುವರಿದರು. ಒಬ್ಬಳು ರಿಬ್ಬನ್ನಿನಲ್ಲಿ, ಒಬ್ಬಳು ಚಾಕಲೇಟಿನ ಕಾಗದದಲ್ಲಿ ಸುತ್ತಿ ಕೊಟ್ಟಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ ತೆಗೆದು ಕಿಟಕಿಯಲ್ಲಿಟ್ಟೆ. ಸಂಚಿ ಉಬ್ಬಿ ಸೊಂಟ ಜಗ್ಗಿತು.

"ಗಂಡಂದಿರು ಅದಲಿ ಬದಲಿ ಆದ್ರ ನನ್ನ ಕೇಳಬ್ಯಾಡ್ರಿ" ಎಂದು ಹೇಳಿಯೇ ಇಟ್ಟುಕೊಂಡೆ.

ಎತ್ತರದ ಕೋಣೆಯಲ್ಲಿ ಗೋಡೆಯ ಮೇಲೆ ಕರಿ ಗೆರೆ ಎಳೆದಿದ್ದರು. ಎದುರಿಗೆ ಕಂಪನಿಯ ಹೆಣ್ಣುಮಗಳು ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದಳು. ನನ್ನ ಮೊಮ್ಮಗಳ ವಯಸ್ಸು, ಮಾತು ಬೆಂಗಳೂರು ಕಡೆಯದು. ಹುಡುಗಿಯರು ಚಪ್ಪಲಿ ಹೊರಗೆ ಬಿಟ್ಟು ಬಂದು ಗೋಡೆಗೆ ಆನಿಕೊಂಡು ನಿಲ್ಲಬೇಕು, ನಾನು ತಲೆಯ ಮೇಲೆ ಮರದ ಪಟ್ಟಿ ಇಟ್ಟು ಗೆರೆ ಮುಟ್ಟಿತೇ ಹೇಳಬೇಕು. ಇಷ್ಟೇ ಕೆಲಸ.

ಮಸ್ಕಿಯ ಒಬ್ಬ ಹುಡುಗಿ ಬಂದಳು. ಜೋಳದ ದಂಟಿನ ಹಾಗೆ ಎತ್ತರ, ಪಟ್ಟಿ ಗೆರೆಗಿಂತ ಮೇಲೆ ನಿಂತಿತು. ಕಂಪನಿಯವಳು ತಲೆ ಎತ್ತಿ ಗೆರೆ ನೋಡಲೇ ಇಲ್ಲ. ನೆಲ ನೋಡಿದಳು. ನೀವು ಹೋಗಬಹುದು ಎಂದಳು. ಹುಡುಗಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಮತ್ತೊಬ್ಬಳು ಬಂದಳು, ಅವಳಿಗೂ ಅದೇ ಮಾತು. ಆಗ ನಾನೂ ಬಗ್ಗಿ ನೋಡಿದೆ. ಹೆಬ್ಬೆರಳಿನ ಪಕ್ಕದ ಬೆರಳಿನ ಸುತ್ತ ಒಂದು ಬಿಳಿ ಪಟ್ಟಿ. ಕಾಲೆಲ್ಲ ಬಿಸಿಲಿಗೆ ಕಪ್ಪಾಗಿತ್ತು, ಕಾಲುಂಗುರ ಇದ್ದ ಕಡೆ ಮಾತ್ರ ಚರ್ಮ ಹುಟ್ಟಿದಾಗಿನ ಬಣ್ಣದಲ್ಲೇ ಇತ್ತು.

ಚಪ್ಪಲಿ ಬಿಡಿಸಿದ್ದು ಎತ್ತರಕ್ಕಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವವನು ಕೂಡ ಹಲ್ಲು ನೋಡುತ್ತೇನೆ ಎಂದು ಹೇಳಿ ಬಾಯಿ ಬಿಡಿಸುತ್ತಾನೆ. ಇವಳು ಗೆರೆ ತೋರಿಸಿ ಬೆರಳು ನೋಡುತ್ತಿದ್ದಳು. ಹೊರಗೆ ಮೈಕಿನಲ್ಲಿ ಹೇಳಿದ ನಿಯಮದಲ್ಲಿ ಇದಿರಲಿಲ್ಲ. ಪ್ರಿನ್ಸಿಪಾಲರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ತುರ್ವಿಹಾಳದ ಸೊಸೆ ಒಳಗೆ ಬಂದಳು. ಬೆನ್ನು ನೆಟ್ಟಗಿತ್ತು. ಓಡ್ನಿ ಕೊರಳ ತುಂಬ ಇತ್ತು. ಕಾಲು ಬರಿದು. ಬೆಳಿಗ್ಗೆ ಸೋಪು ಹಚ್ಚಿ ತಿಕ್ಕಿದ್ದರಿಂದ ಆ ಬಿಳಿ ಪಟ್ಟಿ ಇನ್ನೂ ಎದ್ದು ಕಾಣುತ್ತಿತ್ತು.

ಕರುಣೆ ಗಿರುಣೆ ನನಗೆ ಬರಲಿಲ್ಲ. ಸಿಟ್ಟು ಬಂತು. ಅವಳು ಗೋಡೆಗೆ ಆನುತ್ತಿದ್ದಂತೆ ನಾನು ಮರದ ಪಟ್ಟಿಯನ್ನು ಅವಳ ಕೈಗೇ ಕೊಟ್ಟು, ಹಿಮ್ಮಡಿ ಗೋಡೆಗೆ ಹತ್ತಿಲ್ಲ ಎಂದು ಗೊಣಗಿ ಅವಳ ಕಾಲ ಮುಂದೆ ಧೊಪ್ಪನೆ ಕುಳಿತೆ. ಹಿಮ್ಮಡಿ ಹಿಂದಕ್ಕೆ ಒತ್ತಿದೆ. ಸೀರೆಯ ಸೆರಗು ಅವಳ ಬೆರಳುಗಳ ಮೇಲೆ ಬಿದ್ದಿತು, ಬೀಳಲಿ ಎಂದೇ ಬಿಟ್ಟೆ.

"ಅಜ್ಜಿ, ಸ್ವಲ್ಪ ಪಕ್ಕಕ್ಕೆ ಬನ್ನಿ" ಎಂದಳು ಕಂಪನಿಯವಳು.

"ಮೊಣಕಾಲು ಹಿಡದಾವ್ರಿ ಬಾಯಾರ. ಕುಂತ್ರ ಲಗೂನ ಏಳಾಕ ಬರಂಗಿಲ್ಲ. ಗೆರಿ ನೋಡ್ರಿ, ಮುಟ್ಟೈತಿ."

ಅವಳು ನನ್ನ ಮುಖ ನೋಡಿದಳು. ನಾನೂ ನೋಡಿದೆ. ಅವಳಿಗೆ ತಿಳಿಯಿತು ಎಂದೇ ನನ್ನ ಎಣಿಕೆ. ಹೊರಗೆ ಸಾಲು ಗದ್ದಲ ಮಾಡುತ್ತಿತ್ತು. ಅವಳು ಒಂದು ಗುಂಡಿ ಒತ್ತಿ ಮುಂದಿನವರು ಎಂದಳು. ಆಮೇಲೆ ಬಂದವರಿಗೆಲ್ಲ ನಾನು ಕೂತೇ ಇದ್ದೆ, ತಲೆಯ ಪಟ್ಟಿಯನ್ನು ಹುಡುಗಿಯರೇ ಹಿಡಿದುಕೊಂಡರು. ಮಧ್ಯಾಹ್ನದ ಹೊತ್ತಿಗೆ ನನ್ನ ಮೊಣಕಾಲು ಖರೇನೇ ಹಿಡಿದವು. ಅಟೆಂಡರ್ ಸಾಹೇಬರು ಬಂದು ಎಬ್ಬಿಸಿದರು.

ಇಳಿಹೊತ್ತಿಗೆ ಮೈಕಿನಲ್ಲಿ ಆಯ್ಕೆಯಾದವರ ಹೆಸರು ಓದಿದರು. ತುರ್ವಿಹಾಳದ ಹುಡುಗಿಯದೂ ಬಂತು. ಗೇಟಿನ ಹೊರಗಿನಿಂದ ನನ್ನ ಗೆಳತಿ ಕೂಗಿದ್ದು ನಲ್ಲಿಯ ತನಕ ಕೇಳಿಸಿತು. ಹುಡುಗಿಯರು ನನ್ನ ಸುತ್ತ ಬಂದು ರಿಬ್ಬನ್ನು, ಕಾಗದ ಗುರುತು ಹೇಳಿ ತಮ್ಮ ತಮ್ಮದು ಒಯ್ದರು. ಒಬ್ಬರಿಗೊಬ್ಬರು ಕೊಂಡಿ ಹಾಕಿಕೊಟ್ಟರು. ಆಯ್ಕೆಯಾದವರೂ ಹಾಕಿಕೊಂಡರು, ಆಗದವರೂ ಹಾಕಿಕೊಂಡರು. ಸಂಚಿಯಲ್ಲಿ ಒಂದು ಕರವಸ್ತ್ರ ಉಳಿಯಿತು.

ಆ ಹುಡುಗಿ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಳು. ಅವಸರವೇನೂ ಇರಲಿಲ್ಲ. ತಗೋ, ಅತ್ತೆ ಕಾಯುತ್ತಾಳೆ ಎಂದು ಗಂಟು ಚಾಚಿದೆ. ಅವಳು ಕೈ ಚಾಚಲಿಲ್ಲ. ಮೂರನೆಯ ಕೋಣೆಯಲ್ಲಿ ಎರಡು ವರ್ಷ ಮದುವೆಯಾಗುವುದಿಲ್ಲ ಎಂದು ಬರೆಸಿಕೊಂಡಿದ್ದಾರಂತೆ, ಹಬ್ಬಕ್ಕೆ ರಜೆ ಕೊಟ್ಟರೆ ಕೊಟ್ಟಾರು, ಇಲ್ಲದಿದ್ದರೆ ಇಲ್ಲವಂತೆ. ಇದನ್ನೆಲ್ಲ ಓಡ್ನಿಯಲ್ಲಿ ಮುಖ ಒರೆಸಿಕೊಳ್ಳುತ್ತಾ ಹೇಳಿದಳು.

"ಆತು, ಹೋಗೋತನಕ ಹಾಕ್ಕೋ" ಎಂದೆ.

"ಹೋಗೋ ದಿನ ಮತ್ತ ತೆಗಿಬೇಕಲ್ಲ ಆಯಿ. ಎರಡೆರಡು ಸಲ ಯಾಕ?"

ಅಳಲಿಲ್ಲ, ಗಂಡನ ಮೇಲೆ ಚಾಡಿ ಹೇಳಲಿಲ್ಲ. ಒಗೆದ ಬಟ್ಟೆ ಮಡಚಿಡುವಾಗ ಆಡುವ ಮಾತಿನ ಹಾಗಿತ್ತು. ಒದ್ದೆಯಾದ ಓಡ್ನಿಯನ್ನು ಭುಜದ ಮೇಲೆ ಒಗೆದುಕೊಂಡು ನಡೆದಳು. ಬೆಳಿಗ್ಗೆ ಅತ್ತೆಯನ್ನು ನೋಡಿ ದಂಗಾದ ನಾನು ಈಗ ಸೊಸೆಯನ್ನು ನೋಡಿ ನೆಲಕ್ಕೆ ಅಂಟಿದೆ. ಆಮೇಲೆ ಕುಂಟುತ್ತಾ ಅವಳ ಹಿಂದೆ ಹೋದೆ. ಗಂಟು ನನ್ನ ಹತ್ತಿರ ಇತ್ತು, ನಾನು ಮುಟ್ಟಿಸಲೇಬೇಕಿತ್ತು.

ಗೇಟಿನ ಹೊರಗೆ ಅವರ ಊರಿನ ಮಂದಿ ಕುಳಿತಿದ್ದರು. ಸೊಸೆ ಬರೀ ಕೊರಳಲ್ಲಿ ಅವರ ನಡುವೆ ಹಾದುಬಂದಳು. ಗೆಳತಿ ನಗುತ್ತಾ ಎರಡು ಹೆಜ್ಜೆ ಎದುರು ಬಂದವಳು ನಿಂತುಬಿಟ್ಟಳು. ಮೊದಲು ಅವಳ ಕೊರಳು ನೋಡಿದಳು, ಆಮೇಲೆ ನನ್ನ ಸೊಂಟ.

"ಎಲ್ಲೈತಿ?" ಎಂದಳು.

ಗಂಟು ಅವಳ ಅಂಗೈಯಲ್ಲಿ ಇಟ್ಟೆ. ಅಕಿ ಬ್ಯಾಡಂದ್ಲು ಎಂದೆ. ಯಾಕೆ ಎಂದು ಸೊಸೆ ತಾನೇ ಹೇಳಿದಳು, ನನಗೆ ಹೇಳಿದ ಅದೇ ಮಾತು. ಊರಿನವರು ಮಾತು ನಿಲ್ಲಿಸಿ ಕೇಳುತ್ತಿದ್ದರು. ಬೆಳಿಗ್ಗೆ ಹಲ್ಲು ಹಚ್ಚಿ ಕೊಂಡಿ ಬಿಚ್ಚಿದ ಹೆಂಗಸು ಗಂಟನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಳು.

"ನಾ ತೆಗದದ್ದು ತಿರುಗಿ ಹಾಕಾಕಬೇ" ಎಂದಳು. ಸೊಸೆಗಲ್ಲ, ನನಗೆ.

ಮಗ ಆಟೋದ ಮುಂದಿನ ಸೀಟಿನಿಂದ ಹೆಂಡತಿಯ ಕೊರಳನ್ನು ಒಂದು ಸಲ ನೋಡಿದ. ಹಿಂದೆ ಹತ್ತು ಎಂದ. ಗಾಡಿ ಚಾಲೂ ಮಾಡಿದ.

ಸೋಮವಾರ ಹೊಸ ಸೂಚನೆ ಬಂದಿತ್ತು. ಕಾರ್ಯಕ್ರಮ ಯಶಸ್ವಿಯಾಗಿದೆ, ಸಹಕರಿಸಿದ ಸಿಬ್ಬಂದಿಗೆಲ್ಲ ಧನ್ಯವಾದ. ಅಟೆಂಡರ್ ಸಾಹೇಬರು ಓದಿ ಹೇಳಿದರು. ಗೋಡೆಯ ಗೆರೆ ಅಳಿಸಬೇಕು ಎಂಬುದನ್ನೂ ಹೇಳಿದರು. ಫಿನೈಲು ಹಾಕಿ ತಿಕ್ಕಿದೆ, ಪೂರಾ ಹೋಗಲಿಲ್ಲ.

ಗೆಳತಿ ಅದಾದ ಮೇಲೆ ಬಹಳ ದಿನ ಕಾಣಲಿಲ್ಲ. ಮೊನ್ನೆ ಸಿಂಧನೂರಿನ ಸಂತೆಯಲ್ಲಿ ಸಿಕ್ಕಳು. ಉಳ್ಳಾಗಡ್ಡಿ ಆರಿಸುತ್ತಿದ್ದಳು. ಸೊಸೆ ನೌಕರಿಗೆ ಹೋಗಿದ್ದಾಳೆ, ಪಗಾರ ಕಳಿಸುತ್ತಾಳೆ, ಗಂಡನ ಜೊತೆ ದಿನಾ ಫೋನಿನಲ್ಲಿ ಮಾತಾಡುತ್ತಾಳೆ, ಹಬ್ಬಕ್ಕೆ ಮಾತ್ರ ಬರಲಿಲ್ಲ. ತಾಳಿಯನ್ನು ಗೆಳತಿಯೇ ಮನೆಯ ದೇವರ ಜಗಲಿಯ ಮೇಲೆ ಇಟ್ಟಿದ್ದಾಳಂತೆ. ದಿನಾ ಲಿಂಗಪೂಜೆಗೆ ಕುಳಿತಾಗ ಅದು ಕಣ್ಣಿಗೆ ಬೀಳುತ್ತದಂತೆ. ಅವತ್ತು ನಾನು ಕಾಲು ಮುಚ್ಚಿದ ವಿಷಯವನ್ನು ಸೊಸೆ ಅವಳಿಗೆ ಹೇಳಿದ್ದಳು.

"ನೀ ಅವತ್ತು ಸೆರಗು ಹೊಚ್ಚಬಾರದಾಗಿತ್ತು" ಎಂದಳು. ಉಳ್ಳಾಗಡ್ಡಿಯಿಂದ ತಲೆ ಎತ್ತಲಿಲ್ಲ.

ನನಗೆ ಉರಿಯಿತು. ನನ್ನ ಕೈಗೆ ಗಂಟು ತುರುಕಿದವಳು ಯಾರು, ಕೂಗಿ ಕುಣಿದವಳು ಯಾರು ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಚೀಲ ಎತ್ತಿ ನನ್ನ ಹತ್ತಿರ ಸರಿದು, ಯಾರಾದರೂ ಕೇಳುತ್ತಾರೋ ಎಂದು ಆ ಕಡೆ ಈ ಕಡೆ ನೋಡಿದಳು.

"ಬರೋ ವರ್ಷ ಸಣ್ಣ ಸೊಸಿದು ಕಡೀ ವರ್ಷ. ಆ ಖೋಲ್ಯಾಗ ನೀನೇ ಇರ್ತೀಯಿಲ್ಲೋ?"

ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

"ಮೊಣಕಾಲು ಇದ್ರ ಇರ್ತೀನಿ" ಎಂದೆ.