ರಿಲೀವರ್ ಬರುವ ತನಕ

ಕಳೆದ ಆಗಸ್ಟ್ ತಿಂಗಳ ಮೊದಲ ಸೋಮವಾರ ಬೆಳಗ್ಗೆ ದೆಹಲಿಯ ಹೆಸರಾಂತ ವಿಶ್ವವಿದ್ಯಾಲಯವೊಂದರಲ್ಲಿ ನನ್ನ ಮೊದಲ ತರಗತಿ ನಡೆಯಿತು. ಗಣಿತದ ಪ್ರಾಧ್ಯಾಪಕರು ಒಳಗೆ ಬಂದರು. ತುಂಬಿದ ಸಭಾಂಗಣದಲ್ಲಿ ಎದ್ದು ನಿಂತವಳು ನಾನೊಬ್ಬಳೇ. ಅವರು ನನ್ನತ್ತ ನೋಡಿ, ಏನಾದರೂ ಪ್ರಶ್ನೆ ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇಲ್ಲ ಎಂದು ಕೂತೆ. ನನ್ನ ಹಿಂದಿನ ಸಾಲಿನ ಹುಡುಗನೊಬ್ಬ ಮುಂದಿನ ಕುರ್ಚಿಯ ಮೇಲೆ ಕಾಲು ಚಾಚಿ ಬಾಳೆಹಣ್ಣು ತಿನ್ನುತ್ತಿದ್ದ. ಪ್ರಾಧ್ಯಾಪಕರು ಅದನ್ನೂ ನೋಡಿದರು. ಆಮೇಲೆ ಪಾಠ ಶುರು ಮಾಡಿದರು.

ನಾನು ಬೆಳೆದದ್ದು ಭದ್ರಾವತಿಯ ಕಾಗದನಗರದಲ್ಲಿ, ಕಾಗದ ಕಾರ್ಖಾನೆಯ ಕಾರ್ಮಿಕರಿಗೆಂದು ಕಟ್ಟಿದ ಕ್ವಾರ್ಟರ್ಸಿನಲ್ಲಿ. ಅಪ್ಪ ಪೇಪರ್ ಮೆಷಿನ್ ವಿಭಾಗದಲ್ಲಿದ್ದರು. ಕಾರ್ಖಾನೆ ಮುಚ್ಚಿ ಮೆಷಿನ್ ನಿಂತ ಮೇಲೆ ಶಿವಮೊಗ್ಗದ ಮುದ್ರಣಾಲಯವೊಂದಕ್ಕೆ ಸೇರಿದರು. ಹತ್ತರವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪಿಯುಸಿಗೆ ಶಿವಮೊಗ್ಗ. ಆ ಎರಡು ವರ್ಷ ಅಪ್ಪನೂ ನಾನೂ ಒಂದೇ ಬಸ್ಸಿನಲ್ಲಿ ಹೋಗಿ ಬಂದೆವು. ಅವರು ಮುಂದೆ ನಿಂತಿರುತ್ತಿದ್ದರು, ನಾನು ಹಿಂದೆ ಎಲ್ಲಾದರೂ ಕೂತು ಓದುತ್ತಿದ್ದೆ. ದೆಹಲಿಯಲ್ಲಿ ರಸಾಯನಶಾಸ್ತ್ರ ಆನರ್ಸ್‌ಗೆ ಸೀಟು ಸಿಕ್ಕಿತು ಎಂದು ತಿಳಿದ ದಿನ ನಮ್ಮ ಸಾಲಿನ ಮನೆಗಳವರೆಲ್ಲ ಬಂದು ಹೋದರು. ಪಕ್ಕದ ಮನೆಯ ಸೆಲ್ವಿ ಅಕ್ಕನ ಚಿಂತೆ ಒಂದೇ: "ಅಲ್ಲಿ ಅನ್ನ ಹಾಕ್ತಾರೇನಮ್ಮಾ?"

ಹಾಕುತ್ತಾರೆ. ಹಾಸ್ಟೆಲಿನ ಮೆಸ್ಸಿನಲ್ಲಿ ಮಧ್ಯಾಹ್ನ ಅನ್ನಕ್ಕೆ ರಾಜ್ಮಾ ಕೊಡುತ್ತಾರೆ. ಅದು ಕೆಂಪು ಕಾಳಿನ ದಪ್ಪ ಸಾರು. ಭಾನುವಾರ ಅದಕ್ಕಾಗಿ ಸಾಲು ನಿಲ್ಲುತ್ತದೆ. ನಾನು ಅಮ್ಮ ಕೊಟ್ಟ ಚಟ್ನಿಪುಡಿ ಉದುರಿಸಿಕೊಂಡು ತಿನ್ನುತ್ತೇನೆ. ಈಗ ನನ್ನ ಮೇಜಿನವರೆಲ್ಲ ಹಾಗೇ ತಿನ್ನುತ್ತಾರೆ. ಮೊದಲ ವರ್ಷದವರನ್ನು ಇಲ್ಲಿ ಹಿರಿಯರು 'ಫಚ್ಚಾ' ಎನ್ನುತ್ತಾರೆ, ಹುಡುಗಿಯಾದರೆ 'ಫಚ್ಚಿ'. ಬೈಗುಳವಲ್ಲ, ಗೌರವವೂ ಅಲ್ಲ. ಹಿಂದಿ ಕಲಿಯುವುದು ನಾನು ಹೆದರಿದ್ದಷ್ಟು ಕಷ್ಟವಾಗಲಿಲ್ಲ. ಎಡಗಡೆ ಮನೆಯಿಂದ ತಮಿಳು, ಬಲಗಡೆ ಮನೆಯಿಂದ ತೆಲುಗು ಕೇಳುತ್ತಾ ಬೆಳೆದವರಿಗೆ ಇನ್ನೊಂದು ಭಾಷೆ ಎಂದರೆ ಇನ್ನೊಂದು ಮನೆ ಅಷ್ಟೆ. ಕಷ್ಟವಾದದ್ದು ಬೇರೆ. ಇಲ್ಲಿ ಯಾರೂ ಯಾರಿಗೂ 'ಹೋಗಿಬರ್ತೀನಿ' ಎಂದು ಹೇಳಿ ಹೊರಡುವುದಿಲ್ಲ. ಮಾತಿನ ನಡುವೆ ಎದ್ದು ಹೋಗುತ್ತಾರೆ. ಮೊದಲ ತಿಂಗಳು, ನಾನೇನೋ ತಪ್ಪು ಮಾತಾಡಿದೆ ಎಂದುಕೊಳ್ಳುತ್ತಿದ್ದೆ.

ನನ್ನ ಕೋಣೆಯಲ್ಲಿ ಜೊತೆಗಿರುವವಳು ಲಖನೌದ ರಿತಿಕಾ, ನನ್ನದೇ ತರಗತಿಯವಳು. "ಬೆಂಗಳೂರಾ?" ಎಂದು ಮೊದಲ ದಿನ ಕೇಳಿದಳು. ಅಲ್ಲ, ಭದ್ರಾವತಿ ಎಂದೆ. ಫೋನಿನಲ್ಲಿ ನಕ್ಷೆ ತೆರೆದು ಶಿವಮೊಗ್ಗದಿಂದ ನಮ್ಮೂರಿಗೆ ಬೆರಳು ಎಳೆದು, "ನದಿ ಪಕ್ಕದಲ್ಲೇ ಇದೆ" ಎಂದಳು. ಅವಳಿಗೆ ಊರು ಇಷ್ಟವಾಯಿತು. ನನಗೆ ಅವಳು ಇಷ್ಟವಾದಳು.

ಅಕ್ಟೋಬರಿನಲ್ಲಿ ನಡೆದದ್ದನ್ನು ಹೇಳಬೇಕು. ನಮ್ಮ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ ಸುಪ್ರಿಯಾ ಅವರ ಪ್ರಯೋಗಾಲಯಕ್ಕೆ ಬಿಡುವಿದ್ದಾಗ ಹೋಗಿ ನೋಡುವ ಅನುಮತಿ ನನಗೆ ಸಿಕ್ಕಿತ್ತು. ಫಚ್ಚಿಗಳಿಗೆ ಸುಲಭವಾಗಿ ಸಿಗುವ ಅನುಮತಿಯಲ್ಲ. ಎಲ್ಲರೂ 'ದೀದಿ' ಎನ್ನುವ ಅವರು ಅಂದು ಬೆಳಗ್ಗೆ ಒಂದು ದ್ರಾವಣವನ್ನು ಕುದಿಯಲು ಇಟ್ಟಿದ್ದರು. ಅದರ ಆವಿಯನ್ನು ತಣಿಸಲು ಗಾಜಿನ ಕೊಳವೆಯ ಸುತ್ತ ನೀರು ಹರಿಯುತ್ತಿರಬೇಕು. ಆ ಕಟ್ಟಡದಲ್ಲಿ ನಲ್ಲಿಯ ನೀರು ಆಗಾಗ ಸಣ್ಣಗಾಗುತ್ತದೆ. ಯಾರಾದರೂ ಪಕ್ಕದಲ್ಲಿದ್ದು ನಲ್ಲಿ ತಿರುಗಿಸುತ್ತಿರಬೇಕು. ಬಿಟ್ಟರೆ ಅಪಾಯ, ಆರಿಸಿದರೆ ಹಲವು ವಾರಗಳ ಕೆಲಸ ಹಾಳು. "ಸ್ವಲ್ಪ ನೋಡ್ಕೋ, ಈಗ ಬಂದೆ" ಎಂದು ದೀದಿ ಇನ್ನೊಂದು ಕಟ್ಟಡಕ್ಕೆ ಹೋದರು. ನನಗೆ ಮಧ್ಯಾಹ್ನ ಗಣಿತದ ಮಧ್ಯಾವಧಿ ಪರೀಕ್ಷೆ ಇತ್ತು. ಅದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಅವರು ಬರಲಿಲ್ಲ. ಫೋನ್ ಮಾಡಿದೆ. ಅದು ನನ್ನೆದುರಿನ ಮೇಜಿನ ಮೇಲೇ ರಿಂಗಾಯಿತು. ಅಕ್ಕಪಕ್ಕದ ಕೋಣೆಗಳಿಗೆ ಬೀಗ. ಅಷ್ಟರಲ್ಲಿ ರಿತಿಕಾ ಬಾಗಿಲಿಗೆ ಬಂದಳು.

"ನಡಿಯೇ, ಪರೀಕ್ಷೆಗೆ ಹೊತ್ತಾಯ್ತು."

"ರಿಲೀವರ್ ಬಂದಿಲ್ಲ."

"ಯಾರು?"

"ನನ್ನ ಜಾಗಕ್ಕೆ ಬರೋರು."

"ಇದು ನಿನ್ನ ಜಾಗಾನೇ ಅಲ್ಲ" ಎಂದಳು. ನನ್ನ ಕೈ ನಲ್ಲಿಯ ಮೇಲಿದ್ದದ್ದನ್ನು ನೋಡಿ ದೀದಿಯನ್ನು ಹುಡುಕಲು ಓಡಿದಳು. ಸಿಗದೆ, ನೇರ ಪರೀಕ್ಷೆಗೆ ಹೋದಳು.

ಕಾರ್ಖಾನೆಯ ಊರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಶಿಫ್ಟ್ ಮುಗಿದ ಸೈರನ್ ಕೂಗಿದರೂ, ಮುಂದಿನ ಶಿಫ್ಟಿನವರು ಬಂದು ಎದುರು ನಿಂತು 'ತಗೊಂಡೆ' ಎನ್ನುವ ತನಕ ಓಡುವ ಮೆಷಿನ್ ಬಿಟ್ಟು ಯಾರೂ ಬರುತ್ತಿರಲಿಲ್ಲ. ನಾನು ಹುಟ್ಟಿದ ದಿನ ಅಪ್ಪ ಆಸ್ಪತ್ರೆಗೆ ತಡವಾಗಿ ಬಂದದ್ದು ರಿಲೀವರ್ ಇಲ್ಲದೆ ಎಂದು ಅಮ್ಮ ಇವತ್ತಿಗೂ ಹೇಳುತ್ತಾರೆ. ದೂರಿನಂತೆ ಶುರು ಮಾಡುತ್ತಾರೆ, ಹೊಗಳಿಕೆಯಂತೆ ಮುಗಿಸುತ್ತಾರೆ.

ದೀದಿ ಏದುಸಿರು ಬಿಡುತ್ತಾ ಬಂದಾಗ ಪರೀಕ್ಷೆ ಶುರುವಾಗಿ ಬಹಳ ಹೊತ್ತಾಗಿತ್ತು. ಅವರು ಹೋಗಿದ್ದ ಕಟ್ಟಡದಲ್ಲಿ ಯಂತ್ರ ಕೈಕೊಟ್ಟಿತ್ತಂತೆ. ನೀರು ಎಷ್ಟಿದೆ, ಬಿಸಿ ಎಷ್ಟಿದೆ ಎಂದು ಹೇಳಿ ಒಪ್ಪಿಸಿ ಓಡಿದೆ. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಬಿಡಲಿಲ್ಲ. ಸೊನ್ನೆ. ಮೊದಲ ಸೆಮಿಸ್ಟರಿನಲ್ಲಿ ಗಣಿತ ಹೋದರೆ ಆನರ್ಸ್ ಸೀಟು ಹೋಗುತ್ತದೆ ಎಂಬುದು ನಿಯಮ.

ಮರುಪರೀಕ್ಷೆ ಕಾಯಿಲೆಯವರಿಗೆ ಮಾತ್ರ. ಹಾಸ್ಟೆಲಿನಲ್ಲಿ ಎಲ್ಲರ ಸಲಹೆ ಒಂದೇ: ಜುಗಾಡ್. ಹೇಗೋ ಮಾಡಿ ಕೆಲಸ ಸಾಧಿಸುವ ಉಪಾಯಕ್ಕೆ ಇಲ್ಲಿ ಹಾಗೆನ್ನುತ್ತಾರೆ. ರಿತಿಕಾಳಿಗೆ ಪರಿಚಯದ ಡಾಕ್ಟರೊಬ್ಬರಿದ್ದರು. ಜ್ವರ ಎಂದು ಬರೆದುಕೊಡುತ್ತಾರಂತೆ. ನಾನು ಮನೆಗೆ ಫೋನ್ ಮಾಡಿದೆ.

ಪೂರ್ತಿ ಕೇಳಿದ ಮೇಲೆ ಅಪ್ಪನ ಮೊದಲ ಪ್ರಶ್ನೆ: "ಕೊನೆಗೆ ರಿಲೀವರ್ ಬಂದ್ರಾ?"

"ಬಂದ್ರು."

"ಎಲ್ಲ ಹೇಳಿ ಒಪ್ಸಿದ್ಯಾ?"

"ಒಪ್ಸಿದೆ."

"ಹಂಗಾದ್ರೆ ಸರಿ." ಆಮೇಲೆ, "ಅಲ್ಲ ಮಾರಾಯ್ತಿ, ಡ್ಯೂಟಿ ತಗೊಳೋ ಮುಂಚೆ ಎಷ್ಟೊತ್ತಿಗೆ ಬಿಡ್ತೀರಿ, ಯಾರು ಬರ್ತಾರೆ ಅಂತ ಕೇಳ್ಬೇಕು. ಅದನ್ನ ಕೇಳ್ದೆ ನಿಂತ್ಕೊಂಡ್ಯಲ್ಲ, ಅದು ನಿಂದೇ ತಪ್ಪು" ಎಂದರು.

ಹಿಂದಿನಿಂದ ಅಮ್ಮನ ದನಿ: "ಮೆಷಿನ್ ನಿಂತು ಎಷ್ಟ್ ಕಾಲ ಆಯ್ತು, ಇವರ ಶಿಫ್ಟ್ ಇನ್ನೂ ಮುಗ್ದಿಲ್ಲ. ಈಗ ಮಗಳನ್ನೂ ನಿಲ್ಸಿದ್ದಾರೆ."

"ಜ್ವರ ಅಂತ ಬರೆಸಿಕೊಡಲಾ ಅಪ್ಪಾ?"

"ಜ್ವರ ಬಂದಿತ್ತಾ?"

"ಇಲ್ಲ."

"ಮತ್ತೆ ನಮ್ಮನ್ನ ಯಾಕೆ ಕೇಳ್ತೀಯ" ಎಂದು ಅಮ್ಮ ಫೋನ್ ಕಿತ್ತುಕೊಂಡು ಊಟದ ವಿಷಯಕ್ಕೆ ಬಂದರು.

ಮರುದಿನ ವಿಭಾಗದ ಕಚೇರಿಯಲ್ಲಿ ಗಣಿತದ ಪ್ರಾಧ್ಯಾಪಕರ ಎದುರು ನಡೆದದ್ದನ್ನು ನಡೆದಂತೆ ಹೇಳಿದೆ. ದೀದಿಯೂ ಬಂದು ತಮ್ಮಿಂದಲೇ ತಡವಾಯಿತು ಎಂದರು. "ಆರಿಸಿ ಬರಬಹುದಿತ್ತಲ್ಲ?" ಎಂದು ಪ್ರಾಧ್ಯಾಪಕರು ಕೇಳಿದರು. ಅದು ನನ್ನ ಕೆಲಸವಲ್ಲ, ಆರಿಸುವ ಹಕ್ಕು ನನಗಿರಲಿಲ್ಲ ಎಂದೆ. ಅವರು ನನ್ನನ್ನು ದಿಟ್ಟಿಸಿದರು. "ಮೊದಲ ದಿನ ಎದ್ದು ನಿಂತವರು ನೀವೇ ಅಲ್ಲವೆ?" ಹೌದೆಂದೆ.

ಮರುಪರೀಕ್ಷೆ ಕೊಡಲಿಲ್ಲ. ನಿಯಮ ನಿಯಮವೇ. ಬದಲಿಗೆ ಡಿಸೆಂಬರಿನ ಅಂತಿಮ ಪರೀಕ್ಷೆಯ ಅಂಕವನ್ನೇ ಇಡೀ ವಿಷಯದ ಅಂಕವೆಂದು ಪರಿಗಣಿಸುವುದಾಗಿ ಹೇಳಿದರು. ಎಲ್ಲವೂ ಒಂದೇ ಪತ್ರಿಕೆಯ ಮೇಲೆ ನಿಂತಿತು. ಅಲ್ಲಿಂದ ಪ್ರತಿ ಶನಿವಾರ, ಭಾನುವಾರ ಬೆಳಗ್ಗೆ ರಿತಿಕಾ ಕ್ಯಾಂಟೀನಿನಲ್ಲಿ ನನಗೆ ಗಣಿತ ಹೇಳಿಕೊಟ್ಟಳು. ಚಳಿಗೆ ಪೆನ್ನು ಹಿಡಿಯಲಾಗದೆ ಚಹಾದ ಲೋಟಕ್ಕೆ ಬೆರಳು ಒತ್ತಿಕೊಂಡು ಬರೆದೆವು. ಹಾಸ್ಟೆಲಿನಲ್ಲಿ ನನಗೆ 'ರಿಲೀವರ್' ಎಂದೇ ಹೆಸರು ಬಿತ್ತು. ಸ್ನಾನದ ಮನೆಯ ಮುಂದೆ ಕಾಯುವವರು, "ಬೇಗ ಬಾರೇ, ನಿನ್ನ ರಿಲೀವರ್ ಬಂದಿದ್ದೀನಿ" ಎಂದು ಬಾಗಿಲು ಬಡಿಯುತ್ತಿದ್ದರು.

ಪರೀಕ್ಷೆ ಬರೆದು ಡಿಸೆಂಬರಿನ ರಜೆಗೆ ಊರಿಗೆ ಬಂದೆ. ಮೊನ್ನೆ ಅಪ್ಪನ ಜೊತೆ ಅದೇ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆ. ಹಳೆಯ ಕಾಲೇಜಿನವರು ಮಕ್ಕಳೊಂದಿಗೆ ನಾಲ್ಕು ಮಾತಾಡಲು ಕರೆದಿದ್ದರು. ಅಪ್ಪ ಒಳಗೆ ಬರಲಿಲ್ಲ. "ನಂದು ಪ್ರೆಸ್ಸಲ್ಲಿ ಡ್ಯೂಟಿ ಇದೆ" ಎಂದವರು, ನಾನು ತಿರುಗಿ ನೋಡಿದಾಗ ಇನ್ನೂ ಗೇಟಿನ ಹತ್ತಿರವೇ ನಿಂತು ವಾಚ್‌ಮನ್ನಿಗೆ ನನ್ನತ್ತ ಕೈ ತೋರಿಸಿ ಏನೋ ಹೇಳುತ್ತಿದ್ದರು. ಮಕ್ಕಳ ನಡುವೆ ಮುಂದಿನ ಬೆಂಚಿನಲ್ಲಿ ಕೂತಿದ್ದೆ. ನಮಗೆ ರಸಾಯನಶಾಸ್ತ್ರ ಕಲಿಸಿದ ಮೇಡಂ ಒಳಗೆ ಬಂದರು. ಇಡೀ ತರಗತಿ ಎದ್ದು ನಿಂತಿತು. ನಾನು ಎದ್ದದ್ದು ಎಲ್ಲರೂ ನಿಂತ ಮೇಲೆ.

ಫಲಿತಾಂಶ ನಿನ್ನೆ ಬಂದಿದೆ. ಗಣಿತದಲ್ಲಿ ಪ್ರಥಮ ದರ್ಜೆ. ಸೀಟು ಉಳಿದಿದೆ. ಅದರ ಹಿಂದೆಯೇ ದೀದಿ ಒಂದು ಫೋಟೊ ಕಳಿಸಿದರು. ಪ್ರಯೋಗಾಲಯದ ಬಾಗಿಲಿಗೆ ಹೊಸದಾಗಿ ಒಂದು ಬಿಳಿ ಹಲಗೆ ಹಾಕಿದ್ದಾರೆ. ಯಾರು ನೋಡಿಕೊಳ್ಳುತ್ತಾರೆ, ಎಲ್ಲಿಯವರೆಗೆ, ಅವರ ನಂತರ ಯಾರು ಎಂದು ಮೂರು ಸಾಲು. ಫೋಟೊವನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಸೆಲ್ವಿ ಅಕ್ಕನ ಮನೆಗೆ ತೋರಿಸಲು ಫೋನನ್ನೇ ಒಯ್ದರು.

ಹಲಗೆಯಲ್ಲಿ, ರಜೆ ಮುಗಿದ ಮೊದಲ ಸೋಮವಾರ ಬೆಳಗಿನ ಹೊತ್ತಿಗೆ ನನ್ನ ಹೆಸರಿದೆ. ನನ್ನ ನಂತರ ಬರುವವಳು ರಿತಿಕಾ. ಅಲ್ಲಿಯವರೆಗೆ ನಾನು ಭದ್ರಾವತಿಯಲ್ಲಿದ್ದೇನೆ.