ನಿಂಬೆಹಣ್ಣಿನ ವಾಸನೆಯ ಬೆಟ್ಟ

ಮಹಾನಂದಾಳನ್ನು ನಾನು ಮೊದಲು ಕಂಡದ್ದು ಊಟಿಗೆ ಹೊರಟ ಬಸ್ಸಿನಲ್ಲಿ. ರಾಜಗೋಪಾಲನಗರದ ನಮ್ಮ ಬೀದಿಯವರೆಲ್ಲ ಸೇರಿ ಏರ್ಪಡಿಸಿದ್ದ ಪ್ರವಾಸ ಅದು. ಪಕ್ಕದ ಸಾಲಿನ ಕಿಟಕಿಯ ಬಳಿ ಗಂಡ ಹನುಮೇಶನೊಡನೆ ಕುಳಿತಿದ್ದಳು. ಸಿಂದಗಿ ಕಡೆಯವರು, ಇಬ್ಬರೂ ಪೀಣ್ಯದ ಒಂದು ಬಲ್ಬಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬಯಲಿನಲ್ಲಿ ಬೆಳೆದ ಆಕೆಗೆ ಬೆಟ್ಟವನ್ನು ಕಣ್ಣಾರೆ ನೋಡಬೇಕೆಂಬ ಹಟ. ಮೈಸೂರು ದಾಟುವವರೆಗೂ ಕತ್ತು ಚಾಚಿ ಚಾಚಿ, "ಬೆಟ್ಟ ಎಲ್ಲಿಂದ ಸುರು ಆಗ್ತದ್ರಿ ಸರ್?" ಎಂದು ನನ್ನನ್ನು ಕೇಳುತ್ತಲೇ ಇದ್ದಳು.

ಬಂಡೀಪುರದ ಕಾಡಿನಲ್ಲಿ ರಸ್ತೆಯುಬ್ಬುಗಳು ಒಂದರ ಹಿಂದೊಂದು ಬಂದವು. ಆಕೆಯ ಹೊಟ್ಟೆ ತೊಳಸತೊಡಗಿತು. "ಆನೆ, ಆನೆ" ಎಂದು ಜನವೆಲ್ಲ ಒಂದೇ ಕಡೆಗೆ ವಾಲಿದಾಗ ಆಕೆಯ ಮುಖ ಪ್ಲಾಸ್ಟಿಕ್ ಚೀಲದೊಳಗಿತ್ತು. ಗೂಡಲೂರಿನಿಂದ ಮೇಲೆ ಬರಿಯ ತಿರುವುಗಳು. ಕಣ್ಣು ಬಿಗಿಯಾಗಿ ಮುಚ್ಚಿ, ನಿಂಬೆಹಣ್ಣನ್ನು ಮೂಗಿಗೊತ್ತಿಕೊಂಡು ಕುಳಿತಳು. ಡ್ರೈವರ್ ಈರೇಶ್ ಕನ್ನಡಿಯಲ್ಲಿ ನೋಡಿ ನಕ್ಕ.

"ಅಕ್ಕ, ಸ್ಟೇರಿಂಗ್ ಹಿಡ್ದೋರ್ಗೆ ವಾಂತಿ ಬರಲ್ಲ. ಬನ್ನಿ, ನೀವೇ ಓಡ್ಸಿ."

ಬಸ್ಸಿಗೆ ಬಸ್ಸೇ ನಕ್ಕಿತು. ಆಕೆ ಒಂದು ಕಣ್ಣು ತೆರೆದು, "ಖರೇ ಏನಣ್ಣ?" ಎಂದಳು.

ಊಟಿ ತಲುಪಿದ ಮೇಲೆ ಊರಿನಿಂದ ತಾಯಿಯ ಫೋನು ಬಂತು. ತಾಯಿ ಕೇಳಿದ್ದೇನೆಂಬುದು ಮಗಳ ಉತ್ತರದಿಂದಲೇ ನನಗೆ ತಿಳಿಯಿತು. "ಬೆಟ್ಟ ನಿಂಬಿಹಣ್ಣಿನ ವಾಸನಿ ಅದ ಬೇ," ಎಂದಳು. ತಮಾಷೆಗೆ ಹೇಳಿದ್ದಲ್ಲ.

ಮುಂದಿನ ಭಾನುವಾರಗಳಲ್ಲಿ ನಾನು ವಾಯುವಿಹಾರಕ್ಕೆ ಹೋದಾಗ, ಪೀಣ್ಯದ ಖಾಲಿ ರಸ್ತೆಗಳಲ್ಲಿ ಡ್ರೈವಿಂಗ್ ಶಾಲೆಯ ಕಾರೊಂದು ಕುಪ್ಪಳಿಸುತ್ತಾ ಬರುತ್ತಿತ್ತು. ಒಳಗೆ ಮಹಾನಂದಾ.

"ಬಸ್ಸಿನಾಗ ಕುಂಡ್ರಾಕ ಆಗದಾಕಿ ಕಾರ್ ಹೊಡಿತಾಳಂತ್ರಿ ಸರ್," ಎಂದು ಹನುಮೇಶ ನನ್ನೆದುರಿಗೇ ಚುಚ್ಚಿದ.

"ನೀ ಬಾಜೂಕ ಕುಂಡ್ರು. ಚೀಲ ನಾ ಕೊಡ್ತೀನಿ," ಎಂದಳು.

ಮರುವರ್ಷ ಬಾಡಿಗೆಯ ಕಾರಿನಲ್ಲಿ ಅದೇ ದಾರಿ ಹಿಡಿದೆವು. ಸ್ಟೇರಿಂಗ್ ಮಹಾನಂದಾಳ ಕೈಯಲ್ಲಿ, ಪಕ್ಕದಲ್ಲಿ ಹನುಮೇಶ, ಹಿಂದಿನ ಸೀಟಿನಲ್ಲಿ ನಾನು, ನನ್ನ ಮನೆಯವರು. ಕಾಡಿನಲ್ಲಿ ಗಾಡಿ ನಿಲ್ಲಿಸುವಂತಿರಲಿಲ್ಲ. ಘಾಟಿಯಲ್ಲಿ ನಿಲ್ಲಿಸಲು ಜಾಗವಿರಲಿಲ್ಲ. ಈರೇಶನ ಮಾತು ಸುಳ್ಳಾಗಲಿಲ್ಲ. ಆಕೆಗೆ ಏನೂ ಆಗಲಿಲ್ಲ. ಚೀಲ ಬೇಕಾದದ್ದು ಹನುಮೇಶನಿಗೆ. ಪೈಕಾರ ದಾಟಿ, ಹುಲ್ಲಿನ ದಿಣ್ಣೆಗಳು ಆಕಾಶದವರೆಗೆ ಹಾಸಿಕೊಂಡಿದ್ದ ಮೇಲುಬಯಲಿನಲ್ಲಿ ಕಾರು ನಿಂತಿತು.

"ಹೇಗಿತ್ತಮ್ಮ ಬೆಟ್ಟ?" ಎಂದು ಕೇಳಿದೆ.

"ಎಲ್ಲಿ ನೋಡೀನ್ರಿ ಸರ್? ಮುಂದಿನ ಲಾರಿ ಹಿಂದ ಏನ್ ಬರದಿತ್ತು ಕೇಳ್ರಿ, ಹೇಳ್ತೀನಿ."

ನನಗೆ ನಗು ಬಂತು, ಆಕೆ ನಗಲಿಲ್ಲ. ಎದುರಿನ ಹುಲ್ಲನ್ನು ಒಂದು ಗಳಿಗೆ ನೋಡಿದಳು. ಮತ್ತೆ ನಾವು ಬಂದ ದಾರಿಯನ್ನು ನೋಡಿದಳು. ಕೀಲಿಯನ್ನು ಗಂಡನ ಕೈಗಿತ್ತು, ಇಳಿಜಾರಿನಲ್ಲಿ ಸರಸರನೆ ಹಿಂದಕ್ಕೆ ನಡೆದೇಬಿಟ್ಟಳು.

"ಎಲ್ಲಿಗೆ ಹೊಂಟಿ?" ಎಂದು ಹನುಮೇಶ ಕೂಗಿದ.

"ಬಿಟ್ಟು ಬಂದದ್ದು ನೋಡಾಕ."

ಈಗ ಆಕೆ ಕಾರ್ಖಾನೆಯ ಕೆಲಸ ಬಿಟ್ಟಿದ್ದಾಳೆ. ವೈಟ್‌ಫೀಲ್ಡಿನ ಕಂಪನಿಯೊಂದರ ಹೆಣ್ಣುಮಕ್ಕಳನ್ನು ಕ್ಯಾಬಿನಲ್ಲಿ ಕರೆದೊಯ್ದು ಕರೆತರುತ್ತಾಳೆ. ಸಿಗ್ನಲ್ಲಿನಲ್ಲಿ ನಿಂತರೆ ಬೆರಳುಗಳು ಸ್ಟೇರಿಂಗಿನ ಮೇಲೆ ತಾಳ ಹಾಕುತ್ತವೆಯಂತೆ. ಎರಡು ದಿನ ರಜೆ ಕೂಡಿ ಬಂದರೆ ಸಾಕು, ಬಾಡಿಗೆ ಕಾರು ತೆಗೆದುಕೊಂಡು ಒಂದಲ್ಲ ಒಂದು ಬೆಟ್ಟಕ್ಕೆ ಹೊರಡುತ್ತಾಳೆ. ಮೊನ್ನೆ ಕೆಮ್ಮಣ್ಣುಗುಂಡಿಗೆ ನಾವೂ ಹೋಗಿದ್ದೆವು. ತಿರುವು ದಾಟಿ ಜಾಗ ಸಿಕ್ಕಿದಲ್ಲೆಲ್ಲ ಕಾರು ನಿಲ್ಲಿಸುವುದು, ಇಳಿದು ಹಿಂದಕ್ಕೆ ನಡೆಯುವುದು, ತಾಯಿಗೆ ಫೋನು ಹಚ್ಚುವುದು. ಹನುಮೇಶ ಬೇಸತ್ತು ಹಾರನ್ ಒತ್ತುತ್ತಾನೆ. ಆಕೆ ತಿರುಗಿಯೂ ನೋಡದೆ ಕೈ ಎತ್ತುತ್ತಾಳೆ, ತಿರುವಿನಲ್ಲಿ ಮರೆಯಾಗುತ್ತಾಳೆ. ಆಚೆಯಿಂದ ದನಿ ಮಾತ್ರ ಕೇಳುತ್ತದೆ: "ತಡಿ ಬೇ, ಫೋನ್ ಇಡಬ್ಯಾಡ. ಇದರ ಹಿಂದ ಇನ್ನೊಂದು ಬೆಟ್ಟ ಅದ."