ಓರೆಗೆರೆಯ ಅಕ್ಷರ

ಅಕ್ಸುಮ್ ರಾಜ್ಯದ ಟಂಕಸಾಲೆಯಲ್ಲಿ ಚಿನ್ನದ ನಾಣ್ಯಕ್ಕೆ ಅಚ್ಚು ಕೆತ್ತುತ್ತಿದ್ದವಳು ಹರೆಯಾ. ಗಂಡ ಸತ್ತ ತಿಂಗಳೇ ಅವನ ಉಳಿ ಹಿಡಿದು ಅವನ ಮಣೆಯ ಮೇಲೆ ಕೂತಳು. ಎದ್ದೇಳು ಎಂದವರ ಮಾತಿಗೆ ಸೊಪ್ಪು ಹಾಕದೆ ಹನ್ನೆರಡು ವರ್ಷ ಕೆತ್ತಿದಳು. ನಡುವೆ ರಾಜನ ಮುಖ, ಅತ್ತಿತ್ತ ಒಂದೊಂದು ಗೋಧಿ ತೆನೆ, ಸುತ್ತ ಗ್ರೀಕ್ ಅಕ್ಷರ. ಪ್ರತಿ ಸುಗ್ಗಿಗೆ ಹೊಸ ತೆನೆಯೊಂದನ್ನು ತಂದು ಮಣೆಯ ಮೇಲುಗಡೆ ನೇತುಹಾಕಿ, ಅದನ್ನು ನೋಡಿಯೇ ಕೆತ್ತುವಳು. ಗ್ರೀಕ್ ಮಾತ್ರ ಓದಲು ಬಾರದು. ನಾಣ್ಯದ ಮೇಲೆ ನೆಟ್ಟಗೆ ಬೀಳಲೆಂದು, ಬರೆದುಕೊಟ್ಟದ್ದನ್ನು ಎಡಬಲ ತಿರುಗಿಸಿ ಅಚ್ಚಿಗೆ ಇಳಿಸುವಳು.

ಈ ಸಲ ಎಡವಿದ್ದು ಅಲ್ಲೇ. ಎರಡು ಕಂಬ, ನಡುವೆ ಒಂದು ಓರೆಗೆರೆ ಇರುವ ಅಕ್ಷರ. ಕಂಬಗಳು ಹೇಗಿದ್ದರೂ ಒಂದೇ ಎಂದು ಗೆರೆಯನ್ನು ತಿರುಗಿಸದೆ ಬಿಟ್ಟಳು. ನಾಣ್ಯದಲ್ಲಿ ಅಕ್ಷರ ಉಲ್ಟಾ ಬಿತ್ತು. ಅದುಲಿಸ್ ಬಂದರಿನ ಪರದೇಶಿ ವರ್ತಕರು ನಕ್ಕರು.

ಟಂಕಸಾಲೆಯ ಮೇಲ್ವಿಚಾರಕ ಬೆರಖ್ ಬಂದರಿನಿಂದ ಥಿಯೋನ್ ಎಂಬ ಗ್ರೀಕನನ್ನು ಕರೆತಂದು, ಅವನು ಕೆತ್ತಿದ ಅಚ್ಚಿನ ನಾಣ್ಯವನ್ನು ಅವಳ ಮುಂದಿಟ್ಟ.

"ಅಕ್ಷರ ನೋಡಮ್ಮ, ಮುತ್ತು ಪೋಣಿಸಿದ ಹಾಗಿದೆ. ನಾಳೆಯಿಂದ ಈ ಮಣೆ ಇವನದು."

ಹರೆಯಾ ನಾಣ್ಯವನ್ನು ಬೆಳಕಿಗೆ ಹಿಡಿದಳು. "ತಪ್ಪು ನಂದೇ, ಧಣಿ. ಇಲ್ಲ ಅನ್ನಲ್ಲ. ಆದ್ರೆ ರಾಜನ ಪಕ್ಕ ಇದೇನಿದು, ಸೊಪ್ಪಾ?"

"ಗೆಲುವಿನ ಎಲೆ," ಎಂದ ಥಿಯೋನ್. "ರೋಮಿನ ದೊರೆಗಳಿಗೆ ಇದೇ ಇರೋದು."

"ಅವರು ಮೇಯಲಿ. ನಮ್ಮೋರು ಉಣ್ಣೋದು ಕಾಳು." ನೇತುಹಾಕಿದ್ದ ತೆನೆಯನ್ನು ಕಿತ್ತು ಅವನ ಕೈಗಿತ್ತಳು. "ಇದನ್ನ ಕೆತ್ತಪ್ಪ. ನಾನು ನಿನ್ನ ಅಕ್ಷರ ಕೆತ್ತುತ್ತೀನಿ. ಸೋತ್ರೆ ನಾನೇ ಎದ್ದು ಹೋಗ್ತೀನಿ."

ಸೋತರೆ ಅವಳಿಗೆ ಬೇರೆ ಬದುಕಿರಲಿಲ್ಲ. ಆದರೂ ಸಿಟ್ಟಿನಲ್ಲೇ ಉಳಿ ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ಎರಡು ಅಚ್ಚುಗಳನ್ನೂ ಒತ್ತಿದರು. ಥಿಯೋನನ ತೆನೆ ಮೀನಿನ ಮುಳ್ಳಿನಂತಿತ್ತು. ಒಂದು ಕಾಳೂ ತುಂಬಿರಲಿಲ್ಲ. ಹರೆಯಾಳ ಅಕ್ಷರವನ್ನು ಅವನೇ ಬೆರಳಿಟ್ಟು ಓದಿದ. ಓರೆಗೆರೆ ಸರಿಯಾಗಿತ್ತು.

ಬೆರಖ್ ತಲೆ ಕೆರೆದುಕೊಂಡ. "ಅಕ್ಷರ ಅವನು ಕೆತ್ತಲಿ, ತೆನೆ ನೀನು ಕೆತ್ತು."

"ಒಂದು ಅಚ್ಚಿಗೆ ಒಂದೇ ಕೈ, ಧಣಿ. ಹನ್ನೆರಡು ವರ್ಷದಲ್ಲಿ ಒಂದು ಅಕ್ಷರ ತಪ್ಪಿದ್ದನ್ನ ಎಲ್ಲರೂ ಕಂಡರು. ತೆನೆ ಒಂದ್ಸಲಾನೂ ತಪ್ಪಲಿಲ್ಲ ಅಂತ ಯಾರಾದ್ರೂ ಕಂಡರಾ?"

ಬೆರಖ್ ಥಿಯೋನನ ಅಚ್ಚನ್ನು ಎತ್ತಿ ಅವನ ಕೈಗೇ ಕೊಟ್ಟ. ಥಿಯೋನ್ ತನ್ನ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡ. ಹರೆಯಾ ಆ ತೆನೆಯನ್ನು ಇದ್ದಲ್ಲಿಗೇ ನೇತುಹಾಕಿ, ತನ್ನ ಮಣೆಯ ಮೇಲೆ ಕೂತಳು.